ಟ್ರಾನ್ಸಿಶನ್ ಸೀಸನ್ ಅಂದ್ರೆ ಏನು? ಮಿಲಾನ್ ತಂಡದ 2019–20ರ ಕಥೆ

ನಮ್ಮ ಹಾಸ್ಟೆಲ್‌ನಲ್ಲಿ ಫುಟ್‌ಬಾಲ್ ನೋಡೋರು ಕಮ್ಮಿ, ಗಲಾಟೆ ಮಾತ್ರ ಜಾಸ್ತಿ. ಐಪಿಎಲ್ ಇದ್ದಾಗ ಕಾಮನ್ ರೂಮಿನ ಟಿವಿ ಹತ್ತಿರ ನಮ್ಮನ್ನ ಸೇರಿಸೋದೇ ಇಲ್ಲ. ಪುಣ್ಯಕ್ಕೆ ಇಟಲಿಯ ದೊಡ್ಡ ಪಂದ್ಯಗಳು ನಮ್ಮ ಕಾಲಮಾನದಲ್ಲಿ ರಾತ್ರಿ ಹನ್ನೆರಡೂಕಾಲಿಗೋ ಒಂದೂಕಾಲಿಗೋ ಶುರುವಾಗುತ್ತವೆ. ಆ ಹೊತ್ತಿಗೆ ರಿಮೋಟ್ ಕೇಳೋರು ಯಾರೂ ಇರಲ್ಲ. ಹೀಗೆ ನಿದ್ದೆಗೆಟ್ಟು ಕೂರುವ ಐದಾರು ಜನರ ನಮ್ಮ ಗುಂಪಿನಲ್ಲಿ ಒಂದು ಮಾತು ತುಂಬಾ ಓಡುತ್ತೆ. ಯಾರದೋ ತಂಡ ಸೋತರೆ ಸಾಕು, ಅವನು ಹೊದಿಕೆ ಸುತ್ತಿಕೊಂಡು ಏಳುತ್ತಾ, "ಬಿಡ್ರೋ, ಇದು ಟ್ರಾನ್ಸಿಶನ್ ಸೀಸನ್" ಅಂತಾನೆ. ಕೋಚ್ ಬದಲಾದರೆ ಟ್ರಾನ್ಸಿಶನ್, ಹಳೇ ಆಟಗಾರರನ್ನ ಮಾರಿದರೆ ಟ್ರಾನ್ಸಿಶನ್, ಸುಮ್ಮನೆ ಕೆಟ್ಟದಾಗಿ ಆಡಿದರೂ ಟ್ರಾನ್ಸಿಶನ್. ಸೆಮಿಸ್ಟರ್‌ನಲ್ಲಿ ಎರಡು ಬ್ಯಾಕ್ ಉಳಿಸಿಕೊಂಡ ನಮ್ಮ ಪಕ್ಕದ ರೂಮಿನವನು ಮನೆಗೆ ಫೋನ್ ಮಾಡಿ ಇದನ್ನೇ ಹೇಳೋಣವಾ ಅಂತ ಯೋಚಿಸಿದ್ದ.

ಹಾಗಾದರೆ ಈ ಪದಕ್ಕೆ ನಿಜವಾಗಿ ಏನಾದರೂ ಅರ್ಥ ಇದೆಯಾ, ಇಲ್ಲಾ ಸೋತವರು ಹೊದ್ದುಕೊಳ್ಳುವ ಕಂಬಳಿ ಅಷ್ಟೇನಾ? ಇದನ್ನ ಅರ್ಥ ಮಾಡಿಕೊಳ್ಳೋಕೆ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ಎಸಿ ಮಿಲಾನ್ ತಂಡದ 2019–20ರ ಸೀಸನ್. ಆಗ ನಾನು ಹೈಸ್ಕೂಲು. ಮಿಲಾನ್ ಅಭಿಮಾನಿಯಾದ ಅಣ್ಣನ ಪಕ್ಕ ಕೂತು, ಯಾಕೆ ಇಷ್ಟು ಸೋಲ್ತಾರೆ ಅಂತ ಅರ್ಥವಾಗದೆ ನೋಡಿದ್ದೆ. ಈಗ ಹಿಂತಿರುಗಿ ನೋಡಿದರೆ, ಆ ಹತ್ತು ಹನ್ನೊಂದು ತಿಂಗಳಲ್ಲಿ ಒಂದು ತಂಡ ಕುಸಿದಿದ್ದು, ಕಟ್ಟಿಕೊಂಡಿದ್ದು, ಕಟ್ಟಿಕೊಂಡಿದ್ದನ್ನ ಮಾಲೀಕರೇ ಇನ್ನೇನು ಬಿಚ್ಚಿಹಾಕಬೇಕು ಅನ್ನುವಷ್ಟರಲ್ಲಿ ಉಳಿದಿದ್ದು ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ.

ಸ್ವಲ್ಪ ಹಿನ್ನೆಲೆ ಬೇಕು. ಮಿಲಾನ್ ಸಣ್ಣ ತಂಡವಲ್ಲ. 1899ರಲ್ಲಿ ಹುಟ್ಟಿದ ಕ್ಲಬ್, ಯುರೋಪಿನ ಅತಿ ದೊಡ್ಡ ಕಪ್ಪನ್ನು 7 ಸಲ ಗೆದ್ದಿದೆ, 2011ರ ಹೊತ್ತಿಗೆ ಇಟಲಿಯ ಲೀಗನ್ನು 18 ಸಲ. ಆಮೇಲೆ ದುಡ್ಡು ಒಣಗಿತು. 1986ರಿಂದ ಮಾಲೀಕರಾಗಿದ್ದ ಸಿಲ್ವಿಯೊ ಬೆರ್ಲುಸ್ಕೋನಿ 2017ರ ಏಪ್ರಿಲ್‌ನಲ್ಲಿ ಕ್ಲಬ್ಬನ್ನ ಲೀ ಯೋಂಗ್‌ಹಾಂಗ್ ಅನ್ನುವ ಚೀನಾದ ಉದ್ಯಮಿಗೆ 74 ಕೋಟಿ ಯೂರೋ ಲೆಕ್ಕದಲ್ಲಿ ಮಾರಿದರು. ಅವರು ಅದೇ ಬೇಸಿಗೆಯಲ್ಲಿ ಆಟಗಾರರಿಗಾಗಿ 20 ಕೋಟಿಗೂ ಮಿಕ್ಕಿ ಸುರಿದರು. ಕೊಂಡುಕೊಳ್ಳೋಕೆ ಅವರು ಸಾಲ ತಂದಿದ್ದು ಎಲಿಯಟ್ ಅನ್ನುವ ಅಮೆರಿಕದ ಹೂಡಿಕೆ ಸಂಸ್ಥೆಯಿಂದ. ಒಂದು ಕಂತು ಕಟ್ಟೋಕಾಗಲಿಲ್ಲ. 2018ರ ಜುಲೈನಲ್ಲಿ ಬ್ಯಾಂಕಿನವರು ಟ್ರ್ಯಾಕ್ಟರ್ ಎಳೆದುಕೊಂಡು ಹೋದ ಹಾಗೆ ಎಲಿಯಟ್ ಕ್ಲಬ್ಬನ್ನೇ ವಶಕ್ಕೆ ತಗೊಂಡಿತು.

ಯುರೋಪಿನ ಫುಟ್‌ಬಾಲ್‌ನಲ್ಲಿ ಆಗ ಫೈನಾನ್ಷಿಯಲ್ ಫೇರ್ ಪ್ಲೇ ಅಂತ ಒಂದು ನಿಯಮ ಇತ್ತು: ಕ್ಲಬ್ ತಾನು ದುಡಿಯೋದಕ್ಕಿಂತ ಒಂದು ಮಿತಿ ಮೀರಿ ಖರ್ಚು ಮಾಡಬಾರದು. ಮಿಲಾನ್ ಆ ಮಿತಿಯನ್ನ ಯಾವತ್ತೋ ದಾಟಿಯಾಗಿತ್ತು. ಹಳೇ ವರ್ಷಗಳ ಆ ತಪ್ಪಿಗೆ 2019ರ ಜೂನ್‌ನಲ್ಲಿ ಶಿಕ್ಷೆ ಬಂತು, 2019–20ರಲ್ಲಿ ಯುರೋಪಾ ಲೀಗ್‌ನಿಂದ ಹೊರಗೆ. 2018–19ರ ಲೆಕ್ಕದಲ್ಲಿ ನಷ್ಟ ಸುಮಾರು 14.6 ಕೋಟಿ ಯೂರೋ. ಅಂದರೆ ಆ ಸೀಸನ್ ಶುರುವಾದಾಗ ತಂಡಕ್ಕೆ ಯುರೋಪ್ ಇಲ್ಲ, ಖರ್ಚು ಮಾಡೋ ಹಾಗಿಲ್ಲ, ಸಂಬಳದ ಹೊರೆ ಇಳಿಸಬೇಕು, ಆದರೆ ಅಭಿಮಾನಿಗಳ ನಿರೀಕ್ಷೆ ಮಾತ್ರ 7 ಕಪ್ಪಿನ ಲೆಕ್ಕದ್ದು.

ಹಿಂದಿನ ವರ್ಷ ಕೋಚ್ ಜೆನ್ನಾರೊ ಗಟ್ಟೂಸೊ ತಂಡವನ್ನ 68 ಅಂಕದೊಂದಿಗೆ 5ನೇ ಸ್ಥಾನಕ್ಕೆ ತಂದಿದ್ದರು. ಮೊದಲ ನಾಲ್ಕರಲ್ಲಿ ಬಂದಿದ್ದರೆ ಚಾಂಪಿಯನ್ಸ್ ಲೀಗ್, ಅದರ ಜೊತೆ ದೊಡ್ಡ ಮೊತ್ತದ ದುಡ್ಡು. ತಪ್ಪಿದ್ದು ಒಂದೇ ಒಂದು ಅಂಕಕ್ಕೆ. ಗಟ್ಟೂಸೊ ಹೋದರು. ಕ್ಲಬ್ಬಿಗಾಗಿ 902 ಪಂದ್ಯ ಆಡಿದ ಪಾವೊಲೊ ಮಾಲ್ದೀನಿ ಟೆಕ್ನಿಕಲ್ ಡೈರೆಕ್ಟರ್ ಆದರು. ಅವರ ಜೊತೆ ಹಳೇ ಸಹ ಆಟಗಾರ ಜ್ವೊನಿಮಿರ್ ಬೊಬಾನ್. ಇಬ್ಬರ ಮೇಲೆ ಆಡಳಿತ ನೋಡಿಕೊಳ್ಳೋಕೆ ಇಂಗ್ಲೆಂಡಿನ ಆರ್ಸೆನಲ್‌ನಿಂದ ಬಂದಿದ್ದ ಇವಾನ್ ಗಜೀಡಿಸ್. ಒಂದು ಕಡೆ ಕ್ಲಬ್ಬಿನ ಮನೆಮಕ್ಕಳು, ಇನ್ನೊಂದು ಕಡೆ ಲೆಕ್ಕ ನೋಡುವವರು. ಈ ಎರಡರ ನಡುವಿನ ಬಿರುಕು ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಆ ಬೇಸಿಗೆಯಲ್ಲಿ ಅವರು ಕೊಂಡಿದ್ದು ಹೆಸರಾಂತ ತಾರೆಗಳನ್ನಲ್ಲ, ಹುಡುಗರನ್ನ. ರಿಯಲ್ ಮ್ಯಾಡ್ರಿಡ್‌ಗೆ ಬೇಡವಾಗಿದ್ದ ಎಡ ರಕ್ಷಕ ಥಿಯೊ ಹೆರ್ನಾಂಡೆಜ್ (ಅವನನ್ನು ಒಪ್ಪಿಸೋಕೆ ಮಾಲ್ದೀನಿ ಅವನು ರಜೆಗೆ ಹೋಗಿದ್ದ ಇಬಿಜಾ ದ್ವೀಪಕ್ಕೇ ಹೋಗಿ ಕೂತಿದ್ದರು), ಕೆಳಗಿನ ದರ್ಜೆಗೆ ಇಳಿದಿದ್ದ ಎಂಪೊಲಿಯಿಂದ ಮಿಡ್‌ಫೀಲ್ಡರ್ ಇಸ್ಮಾಯಿಲ್ ಬೆನ್ನಾಸರ್, ಫ್ರಾನ್ಸಿನ ಲೀಲ್‌ನಿಂದ 20 ವರ್ಷದ ರಫಾಯೆಲ್ ಲೆಯಾವೊ, ಜರ್ಮನಿಯಿಂದ ಎರವಲಾಗಿ ಆಂಟೆ ರೆಬಿಚ್. ಕೋಚ್ ಆಗಿ ಬಂದವರು ಮಾರ್ಕೊ ಜಾಂಪಾವೊಲೊ. ಸಂಪ್‌ಡೋರಿಯಾದಲ್ಲಿ ಒಳ್ಳೆ ಹೆಸರು ಮಾಡಿದ್ದವರು, ಪುಸ್ತಕದ ಹಾಗೆ ಆಡಿಸುವವರು. ಅವರಿಗೆ ಒಂದೇ ಆಕಾರ ಪ್ರಿಯ: ನಾಲ್ಕು ರಕ್ಷಕರು, ಮೂರು ಮಿಡ್‌ಫೀಲ್ಡರ್, ಅವರ ಮುಂದೆ ಒಬ್ಬ, ತುದಿಯಲ್ಲಿ ಇಬ್ಬರು. ಆ "ಮುಂದೆ ಒಬ್ಬ" ಅನ್ನುವ ಜಾಗಕ್ಕೆ ಮಿಲಾನ್‌ನಲ್ಲಿ ಸರಿಯಾದ ಆಳೇ ಇರಲಿಲ್ಲ. ಬಲ ಅಂಚಿನಲ್ಲಿ ಓಡಾಡಿಕೊಂಡಿದ್ದ ಸೂಸೊನನ್ನ ಅಲ್ಲಿ ನಿಲ್ಲಿಸಿದರು. ಮೊದಲ ಪಂದ್ಯ ಉಡಿನೇಸೆ ವಿರುದ್ಧ. ಹನ್ನೊಂದರಲ್ಲಿ ಹೊಸದಾಗಿ ಕೊಂಡವರು ಒಬ್ಬರೂ ಇಲ್ಲ. 1–0 ಸೋಲು.

ಏಳು ಪಂದ್ಯ, 3 ಗೆಲುವು, 4 ಸೋಲು. ಹೊಡೆದ ಗೋಲು 6, ಅದರಲ್ಲಿ 3 ಪೆನಾಲ್ಟಿ. ಜಿನೋವಾ ವಿರುದ್ಧ 2–1 ಗೆದ್ದ ಮೂರೇ ದಿನಕ್ಕೆ, ಅಕ್ಟೋಬರ್ 8ರಂದು ಜಾಂಪಾವೊಲೊ ಅವರನ್ನು ಕಳಿಸಿದರು. ಸೋತಾಗ ತೆಗೆಯೋದು ಕೇಳಿದ್ದೀವಿ. ಗೆದ್ದ ಮೇಲೆ ತೆಗೆದರು ಅಂದರೆ ಆಟ ನೋಡೋಕೆ ಹೇಗಿತ್ತು ಅಂತ ನೀವೇ ಊಹಿಸಿ.

ಮರುದಿನ ಬಂದವರು ಸ್ಟೆಫಾನೊ ಪಿಯೋಲಿ. ಕ್ಲಬ್ ಮೊದಲು ಬಯಸಿದ್ದು ಲುಚಾನೊ ಸ್ಪಲೆಟ್ಟಿ ಅವರನ್ನ, ಅದು ಕುದುರಲಿಲ್ಲ. ಪಿಯೋಲಿ ಹೆಸರು ಹೊರಬಿದ್ದ ಕೂಡಲೇ, ಅವರು ಇನ್ನೂ ಸಹಿ ಹಾಕುವ ಮೊದಲೇ, "ಪಿಯೋಲಿ ಔಟ್" ಅನ್ನುವ ಹ್ಯಾಶ್‌ಟ್ಯಾಗ್ ಟ್ವಿಟರ್‌ನಲ್ಲಿ ಟ್ರೆಂಡ್ ಆಯಿತು! ಕೆಲಸಕ್ಕೆ ಸೇರುವ ಮೊದಲೇ ರಾಜೀನಾಮೆ ಕೇಳಿಸಿಕೊಂಡವರು ಜಗತ್ತಿನಲ್ಲಿ ಎಷ್ಟು ಜನ ಇರಬಹುದು? ಎದುರಾಳಿ ಇಂಟರ್ ತಂಡವನ್ನ ಮೊದಲು ತರಬೇತುಗೊಳಿಸಿ ಅಲ್ಲಿಂದ ಹೊರಬಿದ್ದವರು ಅನ್ನೋದೂ ಸೇರಿಕೊಂಡಿತ್ತು. 2014ರ ಜನವರಿಯಲ್ಲಿ ಅಲ್ಲೆಗ್ರಿ ಹೋದ ಮೇಲೆ ಮಿಲಾನ್‌ಗೆ ಬಂದ ಕಾಯಂ ಕೋಚ್‌ಗಳಲ್ಲಿ ಪಿಯೋಲಿ ಎಂಟನೆಯವರು. ಅಕ್ಟೋಬರ್ 20, ಅವರ 54ನೇ ಹುಟ್ಟುಹಬ್ಬದ ದಿನವೇ ಮೊದಲ ಪಂದ್ಯ. ಲೆಚ್ಚೆ ತಂಡ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು 2–2 ಮಾಡಿತು.

ಇಲ್ಲಿ ಸ್ವಲ್ಪ ನಮ್ಮ ಪಾಠಕ್ಕೆ ಬರ್ತೀನಿ. ನೆಟ್‌ವರ್ಕ್ಸ್ ಕ್ಲಾಸಲ್ಲಿ ಸ್ವಿಚ್ ಹಾಕಿದ ಕೂಡಲೇ ಆರ್‌ಎಲ್‌ಸಿ ಸರ್ಕ್ಯೂಟ್ ಏನು ಮಾಡುತ್ತೆ ಅಂತ ಗ್ರಾಫ್ ಬರೆದಿದ್ದೀರಲ್ಲ? ಡ್ಯಾಂಪಿಂಗ್ ಕಮ್ಮಿ ಇದ್ದರೆ ವೋಲ್ಟೇಜ್ ಸೀದಾ ಹೋಗಿ ಕೂರಲ್ಲ. ಮೇಲೆ ಹಾರುತ್ತೆ, ಕೆಳಗೆ ಬೀಳುತ್ತೆ, ಮತ್ತೆ ಹಾರುತ್ತೆ, ನಿಧಾನಕ್ಕೆ ಒಂದು ಬೆಲೆಗೆ ಬಂದು ನಿಲ್ಲುತ್ತೆ. ಆ ಕುಣಿತ ಟ್ರಾನ್ಸಿಯೆಂಟ್, ನಿಂತ ಮೇಲಿನದ್ದು ಸ್ಟೆಡಿ ಸ್ಟೇಟ್. ಲ್ಯಾಬಲ್ಲಿ ಯಾರಾದರೂ ಕುಣಿತದ ಮಧ್ಯೆ ಒಂದು ರೀಡಿಂಗ್ ತಗೊಂಡು "ಇದೇ ಉತ್ತರ" ಅಂದರೆ ಮೇಡಂ ರೆಕಾರ್ಡ್ ಬುಕ್ ವಾಪಸ್ ಎಸೀತಾರೆ.

ಫುಟ್‌ಬಾಲ್‌ನಲ್ಲಿ ಎಲ್ಲರೂ ಮಾಡೋದು ಅದನ್ನೇ. ಆದರೆ ಹೋಲಿಕೆ ಇಲ್ಲೇ ಸ್ವಲ್ಪ ಕೈಕೊಡುತ್ತೆ ಅನ್ನೋದನ್ನೂ ಹೇಳಬೇಕು. ಸರ್ಕ್ಯೂಟ್‌ನಲ್ಲಿ ಬಿಡಿಭಾಗಗಳ ಬೆಲೆ ಗೊತ್ತು, ಸಮೀಕರಣ ಗೊತ್ತು, ಯಾವಾಗ ನಿಲ್ಲುತ್ತೆ ಅಂತ ಮೊದಲೇ ಲೆಕ್ಕ ಹಾಕಬಹುದು. ಕ್ಲಬ್ಬಿನಲ್ಲಿ ಆ ಸಮೀಕರಣ ಯಾರ ಹತ್ತಿರವೂ ಇಲ್ಲ. ಸೋಲಿನ ಗ್ರಾಫ್ ಮಾತ್ರ ನೋಡಿ ಇದು ನೆಲೆಗೊಳ್ಳುವ ಮುಂಚಿನ ಕುಣಿತವೋ, ಇಲ್ಲಾ ನಿಜವಾಗಲೂ ಕೆಟ್ಟುಹೋದ ಸರ್ಕ್ಯೂಟೋ ಅಂತ ಹೇಳೋಕಾಗಲ್ಲ. ಜೊತೆಗೆ ಮಿಲಾನ್‌ನಂಥ ಕಡೆ ಒಂದು ಸಲ ನೆಲೆಗೊಳ್ಳುವ ಮೊದಲೇ ಇನ್ನೊಮ್ಮೆ ಸ್ವಿಚ್ ಒತ್ತುತ್ತಾರೆ. ಆರು ವರ್ಷದೊಳಗೆ ಎಂಟು ಸಲ ಒತ್ತಿದ್ದರು.

2019ರ ಡಿಸೆಂಬರ್ ಬಂತು. 15ನೇ ತಾರೀಖು ಸಾನ್ ಸಿರೊ ಮೈದಾನದಲ್ಲಿ ಕ್ಲಬ್ಬಿನ 120ನೇ ವರ್ಷದ ಸಂಭ್ರಮ. ಹಳೇ ದಿಗ್ಗಜರೆಲ್ಲಾ ಬಂದು ಕೈಬೀಸಿದರು. ಆವತ್ತಿನ ಪಂದ್ಯ ಸಸ್ಸುವೊಲೊ ವಿರುದ್ಧ 0–0. ಒಂದು ವಾರದ ನಂತರ, ಡಿಸೆಂಬರ್ 22, ಬೆರ್ಗಮೊ ನಗರದಲ್ಲಿ ಅಟಲಾಂಟಾ 5, ಮಿಲಾನ್ 0. ಎರಡು ದಶಕದಲ್ಲಿ ಲೀಗ್‌ನಲ್ಲಿ ಕಂಡಿರದಂಥ ಸೋಲು. ಆ ದಿನ ನಿಮ್ಮ ಕೈಗೆ ರೀಡಿಂಗ್ ಕೊಟ್ಟಿದ್ದರೆ ಹೀಗಿರುತ್ತಿತ್ತು: 17 ಪಂದ್ಯ, 21 ಅಂಕ, 16 ಗೋಲು, 11ನೇ ಸ್ಥಾನ. ಅಂಥ ದೊಡ್ಡ ಕ್ಲಬ್ ಸರಾಸರಿ ಪಂದ್ಯಕ್ಕೊಂದು ಗೋಲೂ ಹೊಡೆದಿಲ್ಲ. ನಮ್ಮಣ್ಣ ಆವತ್ತು ನಾಲ್ಕನೇ ಗೋಲಿಗೆ ಟಿವಿ ಆಫ್ ಮಾಡಿ ಎದ್ದು ಹೋದ. ಐದನೆಯದು ಆಮೇಲೆ ಮೊಬೈಲ್ ನೋಡಿದಾಗ ಗೊತ್ತಾಯಿತು.

ಐದು ದಿನಕ್ಕೆ ಝ್ಲಾಟನ್ ಇಬ್ರಾಹಿಮೊವಿಚ್ ಬರ್ತಾನೆ ಅಂತ ಘೋಷಣೆ ಆಯಿತು. ವಯಸ್ಸು 38, ಒಪ್ಪಂದ ಆರು ತಿಂಗಳದ್ದು. ಅವನು 2011ರಲ್ಲಿ ಮಿಲಾನ್ ಕೊನೇ ಸಲ ಲೀಗ್ ಗೆದ್ದಾಗ ತಂಡದಲ್ಲಿದ್ದವನು. ಈ ಕಥೆಯನ್ನ ಸಾಮಾನ್ಯವಾಗಿ ಹೀಗೆ ಹೇಳ್ತಾರೆ: ಇಬ್ರಾ ಬಂದ, ಎಲ್ಲಾ ಸರಿಹೋಯಿತು. ಸಿನಿಮಾಕ್ಕೆ ಚೆನ್ನಾಗಿರುತ್ತೆ. ಅವನು ಆ ಅರ್ಧ ಸೀಸನ್‌ನಲ್ಲಿ 18 ಲೀಗ್ ಪಂದ್ಯದಲ್ಲಿ 10 ಗೋಲು ಹೊಡೆದ, ಅಭ್ಯಾಸದಲ್ಲಿ ಹುಡುಗರ ಮೇಲೆ ಕೂಗಾಡಿ ಅವರನ್ನ ಎಚ್ಚರಿಸಿದ, ಇದೆಲ್ಲಾ ನಿಜ. ಆದರೆ ಆ ಜನವರಿಯಲ್ಲಿ ನಡೆದ ಉಳಿದ ಕೆಲಸಗಳನ್ನ ಯಾರೂ ಅಷ್ಟಾಗಿ ಹೇಳಲ್ಲ.

ಡೆನ್ಮಾರ್ಕ್ ತಂಡದ ನಾಯಕ ಸಿಮೊನ್ ಕೈರ್ ಎರವಲಾಗಿ ಬಂದ. ಅದೇ ಸೀಸನ್‌ನ ಮೊದಲ ಅರ್ಧ ಅಟಲಾಂಟಾದಲ್ಲಿ ಜಾಗ ಸಿಗದೆ ಕೂತಿದ್ದವನು, ಇಲ್ಲಿ ಬಂದು ರಕ್ಷಣೆಗೆ ಬೆನ್ನುಮೂಳೆಯಾದ. ಬೆಲ್ಜಿಯಂನ ಹುಡುಗ ಅಲೆಕ್ಸಿಸ್ ಸಾಲೆಮಾಕರ್ಸ್ ಬಂದ. ಯಾರಿಗೂ ಅವನ ಹೆಸರು ಹೇಳೋಕೆ ಬರ್ತಿರಲಿಲ್ಲ. ಸೂಸೊ ಸ್ಪೇನ್‌ಗೆ ಹೋದ. ವರ್ಷದ ಹಿಂದೆ 3.5 ಕೋಟಿ ಯೂರೋ ಕೊಟ್ಟು ತಂದಿದ್ದ ಪೋಲೆಂಡಿನ ಪಿಯೊಂಟೆಕ್ 4 ಲೀಗ್ ಗೋಲು ಹೊಡೆದು ಜರ್ಮನಿಗೆ ಹೊರಟ. ಪಿಪ್ಪೊ ಇನ್ಜಾಗಿ ನಿವೃತ್ತಿಯಾದ ಮೇಲೆ ಮಿಲಾನ್‌ನ 9ನೇ ನಂಬರ್ ಅಂಗಿ ಹಾಕಿದವರೆಲ್ಲಾ ಹಾಳಾಗಿ ಹೋಗ್ತಾರೆ ಅನ್ನೋ ಶಾಪದ ನಂಬಿಕೆ ಇದೆ. ಪಿಯೊಂಟೆಕ್ ಆ ಬೇಸಿಗೆಯಲ್ಲೇ 19 ಬಿಟ್ಟು 9 ತಗೊಂಡಿದ್ದ. ಇಬ್ರಾ ಬುದ್ಧಿವಂತ, 21 ಹಾಕಿಕೊಂಡ.

ಇನ್ನು ರೆಬಿಚ್. ಜನವರಿವರೆಗೆ ಅವನು ತಂಡದಲ್ಲಿದ್ದಾನೆ ಅನ್ನೋದೇ ಮರೆತುಹೋಗಿತ್ತು. ಲೀಗ್‌ನಲ್ಲಿ ಒಂದು ಗೋಲೂ ಇಲ್ಲ. ಜನವರಿ 19ರಂದು ಉಡಿನೇಸೆ ವಿರುದ್ಧ ಅರ್ಧ ಸಮಯದಲ್ಲಿ ಇಳಿದ, ಎರಡು ಗೋಲು ಹೊಡೆದ, ಎರಡನೆಯದು ಹೆಚ್ಚುವರಿ ಸಮಯದಲ್ಲಿ, 3–2 ಗೆಲುವು. ಸೀಸನ್ ಮುಗಿಯುವಾಗ ಅವನ ಲೀಗ್ ಗೋಲು 11. ಮೊದಲ ಅರ್ಧದಲ್ಲೇ ಅವನನ್ನ ಅಳೆದು ಬಿಸಾಕಿದ್ದರೆ?

ಫೆಬ್ರವರಿ 9ರ ಡರ್ಬಿ ಈ ಸೀಸನ್ನಿನ ಸಂಕ್ಷಿಪ್ತ ರೂಪ. ಇಂಟರ್ ವಿರುದ್ಧ ಅರ್ಧ ಸಮಯಕ್ಕೆ ಮಿಲಾನ್ 2–0 ಮುಂದೆ. ಅದ್ಭುತ ಆಟ. ಮುಗಿದಾಗ 2–4 ಸೋಲು. ಅಂಕಪಟ್ಟಿಗೆ ಸಿಕ್ಕಿದ್ದು ಸೊನ್ನೆ. ಆದರೆ ಆ ಮೊದಲ 45 ನಿಮಿಷ ನೋಡಿದವರಿಗೆ, ಡಿಸೆಂಬರ್‌ನಲ್ಲಿ ಬೆರ್ಗಮೊದಲ್ಲಿ ಕಂಡ ತಂಡ ಇದಲ್ಲ ಅನ್ನೋದು ಗೊತ್ತಾಗಿತ್ತು.

ಮೇಲಿನವರಿಗೆ ಗೊತ್ತಾಗಿರಲಿಲ್ಲ, ಅಥವಾ ಬೇಕಿರಲಿಲ್ಲ. ಗಜೀಡಿಸ್ ಅಷ್ಟರಲ್ಲಿ ಜರ್ಮನಿಯ ರಾಲ್ಫ್ ರಾಂಗ್ನಿಕ್ ಅವರ ಜೊತೆ ಮಾತುಕತೆ ನಡೆಸಿದ್ದರು. ರಾಂಗ್ನಿಕ್ ಸಾಮಾನ್ಯರಲ್ಲ. ಲೈಪ್ಜಿಗ್ ತಂಡವನ್ನ ಕೆಳಗಿನ ದರ್ಜೆಗಳಿಂದ ಮೇಲಕ್ಕೆ ತಂದವರು, ಇವತ್ತಿನ ಜರ್ಮನ್ ಕೋಚ್‌ಗಳ ಒಂದು ಪೀಳಿಗೆಗೇ ಗುರು ಇದ್ದ ಹಾಗೆ. ಯೋಜನೆ ಏನಂದರೆ ಪಿಯೋಲಿ ಹೋಗಬೇಕು, ರಾಂಗ್ನಿಕ್ ಬಂದು ಎಲ್ಲಾ ಹೊಸದಾಗಿ ಶುರು ಮಾಡಬೇಕು. ಇದನ್ನ ತಮಗೆ ತಿಳಿಸದೆ ಮಾಡಿದರು ಅಂತ ಬೊಬಾನ್ ಫೆಬ್ರವರಿ ಕೊನೆಯಲ್ಲಿ ಪತ್ರಿಕೆಯೊಂದಕ್ಕೆ ನೇರವಾಗಿ ಹೇಳಿದರು. ಒಂದೇ ವಾರಕ್ಕೆ, ಮಾರ್ಚ್ 7ರಂದು, ಬೊಬಾನ್ ಅವರನ್ನ ಕೆಲಸದಿಂದ ತೆಗೆದರು. ಮಾಲ್ದೀನಿ ಒಬ್ಬಂಟಿಯಾದರು.

ಮರುದಿನ ಮಾರ್ಚ್ 8. ಲೊಂಬಾರ್ಡಿ ಪ್ರಾಂತ್ಯಕ್ಕೆ ಬೀಗ ಬಿದ್ದ ದಿನ. ಖಾಲಿ ಸಾನ್ ಸಿರೊದಲ್ಲಿ ಜಿನೋವಾ ವಿರುದ್ಧ ಮಿಲಾನ್ 1–2 ಸೋತಿತು. ಎಪ್ಪತ್ತೈದು ಸಾವಿರ ಜನ ಕೂರುವ ಕಡೆ ಆಟಗಾರರ ಕೂಗು ಪ್ರತಿಧ್ವನಿಸುತ್ತಿತ್ತು. ಆಮೇಲೆ ಲೀಗ್ ನಿಂತಿತು. ಮಿಲಾನ್ ಅವರನ್ನ ಐದು ಗೋಲಿನಿಂದ ಸೋಲಿಸಿದ್ದ ಬೆರ್ಗಮೊದಲ್ಲಿ ಮಿಲಿಟರಿ ಟ್ರಕ್ಕುಗಳು ಶವಪೆಟ್ಟಿಗೆ ಸಾಗಿಸಿದ ಚಿತ್ರವನ್ನ ನೀವೂ ನೋಡಿರ್ತೀರಿ. ಮಾಲ್ದೀನಿಗೂ ಅವರ ಮಗ ಡ್ಯಾನಿಯೆಲ್‌ಗೂ ಕೋವಿಡ್ ಬಂತು. ಇಬ್ಬರೂ ಗುಣವಾದರು. ಅಂಥ ಹೊತ್ತಲ್ಲಿ ಯಾರು ಕೋಚ್ ಆದರೇನು ಅನ್ನಿಸಿದ್ದು ಸಹಜ.

ಲೀಗ್ ನಿಂತಾಗಿನ ರೀಡಿಂಗ್: 26 ಪಂದ್ಯ, 36 ಅಂಕ, 28 ಗೋಲು, 7ನೇ ಸ್ಥಾನ.

ಜೂನ್‌ನಲ್ಲಿ ಮತ್ತೆ ಶುರುವಾದಾಗ ಇಟಲಿಯ ಪತ್ರಿಕೆಗಳಿಗೆಲ್ಲಾ ಒಂದು ವಿಷಯ ಖಚಿತವಾಗಿತ್ತು. ಮುಂದಿನ ವರ್ಷ ರಾಂಗ್ನಿಕ್ ಬರ್ತಾರೆ. ಅಂದರೆ ಪಿಯೋಲಿ ಉಳಿದ 12 ಪಂದ್ಯಗಳನ್ನ ಆಡಿಸಬೇಕಾದದ್ದು, ತನ್ನ ಕುರ್ಚಿಗೆ ಇನ್ನೊಬ್ಬರ ಹೆಸರು ಬರೆದಾಗಿದೆ ಅಂತ ಗೊತ್ತಿದ್ದೇ. ಪ್ರತಿ ಪತ್ರಿಕಾಗೋಷ್ಠಿಯಲ್ಲೂ ಅದೇ ಪ್ರಶ್ನೆ. ಅವರು ಒಂದು ದಿನವೂ ರೇಗಲಿಲ್ಲ. ಇವರು ಫಿಯೊರೆಂಟಿನಾ ಕೋಚ್ ಆಗಿದ್ದಾಗ, 2018ರ ಮಾರ್ಚ್ 4ರ ಬೆಳಿಗ್ಗೆ, ತಂಡದ ನಾಯಕ ದಾವಿದೆ ಅಸ್ತೋರಿ ಹೋಟೆಲ್ ರೂಮಿನಲ್ಲಿ ನಿದ್ದೆಯಲ್ಲೇ ತೀರಿಕೊಂಡಿದ್ದ. ಆಗ ಕಂಗಾಲಾದ ಹುಡುಗರನ್ನ ಒಟ್ಟಿಗೆ ಹಿಡಿದು ನಿಲ್ಲಿಸಿದವರು ಪಿಯೋಲಿ. ಕೆಲಸ ಹೋಗುತ್ತೆ ಅನ್ನೋ ಸುದ್ದಿಗೆ ಅಂಥವರು ಎಷ್ಟು ಅಲ್ಲಾಡ್ತಾರೆ?

ಆಟ ಮಾತ್ರ ಬೇರೆಯೇ ಆಗಿತ್ತು. ಜೂನ್ 22, ಲೆಚ್ಚೆಯಲ್ಲಿ 4–1. ರೋಮಾ ವಿರುದ್ಧ 2–0. ಗಮನಿಸಿ, ಈ ಎರಡೂ ಇಬ್ರಾ ಇಲ್ಲದೆ, ಅವನಿಗೆ ಮೀನಖಂಡದ ಗಾಯ. ಜುಲೈ 4ರಂದು ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಲಾಜಿಯೊವನ್ನ ಅವರದೇ ಮೈದಾನದಲ್ಲಿ 3–0. ಮೂರು ದಿನ ಬಿಟ್ಟು ಯುವೆಂಟಸ್. ಸತತ ಒಂಬತ್ತನೇ ಸಲ ಲೀಗ್ ಗೆಲ್ಲೋಕೆ ಹೊರಟಿದ್ದ ತಂಡ, ಎರಡನೇ ಅರ್ಧದ ಆರಂಭದಲ್ಲಿ ರಾಬಿಯೊ ಮತ್ತು ರೊನಾಲ್ಡೊ ಹೊಡೆದು 2–0. ಎಂಟು ತಿಂಗಳ ಹಿಂದಿನ ಮಿಲಾನ್ ಆಗಿದ್ದರೆ ಅಲ್ಲಿಗೆ ಮುಗೀತು. 62ನೇ ನಿಮಿಷ ಇಬ್ರಾ ಪೆನಾಲ್ಟಿ. 66ಕ್ಕೆ ಕೆಸ್ಸಿಯೆ. 67ಕ್ಕೆ ಲೆಯಾವೊ. ಐದು ನಿಮಿಷಕ್ಕೆ ಮೂರು. 80ಕ್ಕೆ ರೆಬಿಚ್, 4–2. ಲಾಕ್‌ಡೌನ್ ರಾತ್ರಿ, ಎರಡೂವರೆ ಗಂಟೆ ಹೊತ್ತಲ್ಲಿ ನಮ್ಮಣ್ಣ ಕೂಗಿದ ಕೂಗಿಗೆ ಅಪ್ಪ ಎದ್ದು ಬಂದು ಕಳ್ಳ ಬಂದನಾ ಅಂತ ಕೇಳಿದ್ದರು.

ಹೇಗೆ ಬದಲಾಯಿತು? ಪಿಯೋಲಿ ಅಷ್ಟರಲ್ಲಿ ಮೂರು ಆಕಾರ ಪ್ರಯತ್ನಿಸಿದ್ದರು. ಬಂದಾಗ ಮೂವರು ಮುಂದೆ. ಇಬ್ರಾ ಬಂದ ಮೇಲೆ ಅವನ ಪಕ್ಕ ಇನ್ನೊಬ್ಬ. ಕೊನೆಗೆ ನೆಲೆಸಿದ್ದು 4–2–3–1. ಹಿಂದೆ ಕೆಸ್ಸಿಯೆ ಮತ್ತು ಬೆನ್ನಾಸರ್ ಜೋಡಿ, ಒಬ್ಬನದು ಗೂಳಿಯ ಬಲ, ಇನ್ನೊಬ್ಬನದು ಚೆಂಡನ್ನ ಕಾಲಿಗೆ ಅಂಟಿಸಿಕೊಂಡು ತಿರುಗುವ ಚಾಲಾಕಿತನ. ಇವರಿಬ್ಬರು ಬಾಗಿಲು ಕಾದಿದ್ದರಿಂದ ಥಿಯೊ ಎಡಗಡೆ ರಕ್ಷಕ ಅನ್ನೋದನ್ನೇ ಮರೆತು ಓಡಬಹುದಾಗಿತ್ತು. ಆ ಸೀಸನ್‌ನಲ್ಲಿ ಅವನು 6 ಲೀಗ್ ಗೋಲು ಹೊಡೆದ. ಎಷ್ಟೋ ವರ್ಷ ಅಂಚಿನಲ್ಲಿ ಒದ್ದಾಡಿದ ಹಕಾನ್ ಚಾಲ್ಹಾನೊಲು ಮಧ್ಯಕ್ಕೆ, ತನ್ನ ನಿಜವಾದ ಜಾಗಕ್ಕೆ ಬಂದ. ಜಾಂಪಾವೊಲೊ ಆಕಾರ ಮೊದಲು ಬರೆದು ಆಟಗಾರರನ್ನ ಅದರೊಳಗೆ ತುರುಕಿದ್ದರು. ಪಿಯೋಲಿ ಆಟಗಾರರನ್ನ ನೋಡಿ ಆಕಾರ ಹುಡುಕಿದರು, ಅದಕ್ಕೆ ಒಂಬತ್ತು ತಿಂಗಳು ಹಿಡಿಯಿತು.

ಅನುಕೂಲಗಳೂ ಇದ್ದವು, ಅದನ್ನ ಮುಚ್ಚಿಡಬಾರದು. ಅಕ್ಟೋಬರ್‌ನಲ್ಲಿ ಬಂದ ಕೋಚ್‌ಗೆ ಸೀಸನ್ ಮುಂಚಿನ ತಯಾರಿಯ ಕಾಲ ಸಿಕ್ಕಿರಲಿಲ್ಲ. ಮೇ ತಿಂಗಳಿಂದ ನಡೆದ ಅಭ್ಯಾಸ ಅದರ ಬದಲಿಯಾಯಿತು. ಐದು ಜನರನ್ನ ಬದಲಿಸಬಹುದು ಅನ್ನೋ ಹೊಸ ನಿಯಮ ಬಂದಿದ್ದು ಎಳೆಯ ತಂಡಕ್ಕೆ ಒಳ್ಳೆಯದೇ ಆಯಿತು. ಮತ್ತೆ, ನನ್ನ ಅನಿಸಿಕೆ ಇದು, ಖಾಲಿ ಸಾನ್ ಸಿರೊ ಆ ಹುಡುಗರಿಗೆ ಉಪಕಾರ ಮಾಡಿತು. ಆ ಮೈದಾನದ ಜನ ತಪ್ಪು ಪಾಸಿಗೆ ಶಿಳ್ಳೆ ಹೊಡೀತಾರೆ. ವೈವಾದಲ್ಲಿ ಎಕ್ಸ್‌ಟರ್ನಲ್ ಎದುರು ಗೊತ್ತಿದ್ದ ಉತ್ತರವೂ ಮರೆತುಹೋಗುತ್ತಲ್ಲ, ಹಾಗೆ.

ಜುಲೈ 21. ಎದುರಾಳಿ ಸಸ್ಸುವೊಲೊ, ಇಬ್ರಾ ಎರಡು ಗೋಲು, 2–1 ಗೆಲುವು. ಪಂದ್ಯ ಮುಗಿದ ಅದೇ ರಾತ್ರಿ ಕ್ಲಬ್ ಪ್ರಕಟಣೆ ಹೊರಡಿಸಿತು: ಪಿಯೋಲಿ ಒಪ್ಪಂದ 2022ರ ಜೂನ್‌ವರೆಗೆ ವಿಸ್ತರಣೆ. ರಾಂಗ್ನಿಕ್ ಬರಲ್ಲ. ಮಾಲ್ದೀನಿಯೂ ಉಳಿದರು.

ನನಗೆ ಈ ಸೀಸನ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ ಇದು, ಯುವೆಂಟಸ್ ಪಂದ್ಯವಲ್ಲ. ಚಳಿಗಾಲದ ರೀಡಿಂಗ್ ನೋಡಿ ತೀರ್ಮಾನ ಮಾಡಿದ್ದವರು, ಬೇಸಿಗೆಯ ರೀಡಿಂಗ್ ನೋಡಿ ತಮ್ಮದೇ ತೀರ್ಮಾನವನ್ನ ಕೈಬಿಟ್ಟರು. ಇದು ಹೇಳಿದಷ್ಟು ಸುಲಭ ಅಲ್ಲ. ತಿಂಗಳುಗಟ್ಟಲೆ ಮಾತುಕತೆ ನಡೆಸಿದ್ದೀರಿ, ಅದಕ್ಕಾಗಿ ಒಬ್ಬ ದಿಗ್ಗಜನನ್ನೇ ಹೊರಗೆ ಹಾಕಿದ್ದೀರಿ, ಊರಿಗೆಲ್ಲಾ ಗೊತ್ತಾಗಿದೆ. ಆಗ "ನಾವು ಅಳೆದದ್ದು ಬೇಗ ಆಯಿತು" ಅಂತ ಒಪ್ಪೋಕೆ ಎಷ್ಟು ಜನರಿಂದ ಆಗುತ್ತೆ? ಪ್ರಾಜೆಕ್ಟ್ ರಿವ್ಯೂನಲ್ಲಿ ತಪ್ಪು ಮೈಕ್ರೊಕಂಟ್ರೋಲರ್ ಆರಿಸಿದ್ದೀವಿ ಅಂತ ಗೊತ್ತಾದ ಮೇಲೂ ಅದನ್ನೇ ಸಮರ್ಥಿಸಿಕೊಂಡು ಕೂತ ತಂಡಗಳಲ್ಲಿ ನನ್ನದೂ ಒಂದು.

ಅಂತಿಮ ಲೆಕ್ಕ: ಮತ್ತೆ ಶುರುವಾದ ಮೇಲೆ 12 ಪಂದ್ಯ, 9 ಗೆಲುವು, 3 ಡ್ರಾ, ಸೋಲೇ ಇಲ್ಲ, 35 ಗೋಲು. ಮೊದಲ 26 ಪಂದ್ಯದಲ್ಲಿ ಹೊಡೆದದ್ದಕ್ಕಿಂತ ಜಾಸ್ತಿ! ಒಟ್ಟು 66 ಅಂಕ, 6ನೇ ಸ್ಥಾನ. ತಮಾಷೆ ನೋಡಿ, ಗಟ್ಟೂಸೊ ಅವರ ಹಿಂದಿನ ವರ್ಷಕ್ಕಿಂತ 2 ಅಂಕ ಕಮ್ಮಿ, ಒಂದು ಸ್ಥಾನ ಕೆಳಗೆ. ಕ್ಲಬ್ಬಿನ ನಷ್ಟ ಆ ವರ್ಷ ಇನ್ನೂ ಏರಿ ಸುಮಾರು 19.5 ಕೋಟಿ ಯೂರೋ. ಬರೀ ಅಂಕಪಟ್ಟಿ ಓದುವವನಿಗೆ ಇದು ಹಿಂದಿನದಕ್ಕಿಂತ ಕೆಟ್ಟ ಸೀಸನ್.

ಮುಂದಿನದು ಬೇಗ ಹೇಳಿಬಿಡ್ತೀನಿ. ಲೀಗ್‌ನಲ್ಲಿ ಸೋಲದ ಸರಣಿ 27 ಪಂದ್ಯದವರೆಗೆ ಹೋಗಿ 2021ರ ಜನವರಿಯಲ್ಲಿ ನಿಂತಿತು. 2020–21ರಲ್ಲಿ 2ನೇ ಸ್ಥಾನ, ಏಳು ವರ್ಷಗಳ ಮೇಲೆ ಚಾಂಪಿಯನ್ಸ್ ಲೀಗ್. 2022ರ ಮೇ 22ರಂದು ಸಸ್ಸುವೊಲೊವನ್ನ 3–0 ಸೋಲಿಸಿ, 86 ಅಂಕದೊಂದಿಗೆ 19ನೇ ಲೀಗ್ ಪ್ರಶಸ್ತಿ. ಆ ದಿನ ಮೂರು ಗೋಲಿಗೂ ಪಾಸ್ ಕೊಟ್ಟಿದ್ದು ಲೆಯಾವೊ. ಲೀಗ್‌ನ ಆ ವರ್ಷದ ಅತ್ಯುತ್ತಮ ಆಟಗಾರನೂ ಅವನೇ. "ಪಿಯೋಲಿ ಔಟ್" ಅಂದಿದ್ದ ಅದೇ ಜನ "ಪಿಯೋಲಿ ಈಸ್ ಆನ್ ಫೈರ್" ಅಂತ ಹಾಡಿದರು.

ಇದರ ಪಕ್ಕ ಇನ್ನೊಂದು ಸೀಸನ್ ಇಟ್ಟು ನೋಡಿ. ಮಾಲ್ದೀನಿಯನ್ನ 2023ರ ಜೂನ್‌ನಲ್ಲಿ ಹೊಸ ಮಾಲೀಕರು ತೆಗೆದರು, ಪಿಯೋಲಿ 2024ರಲ್ಲಿ ಹೋದರು. 2024–25ರಲ್ಲಿ ಪಾವ್ಲೊ ಫೊನ್ಸೆಕ ಬಂದರು, ಡಿಸೆಂಬರ್ ಮುಗಿಯುವ ಮೊದಲೇ ಹೊರಟರು, ಸೆರ್ಜಿಯೊ ಕೊನ್ಸೆಯ್ಸಾವೊ ಬಂದರು, ಸೀಸನ್ ಮುಗಿದಾಗ 63 ಅಂಕ, 8ನೇ ಸ್ಥಾನ. ಅದರಲ್ಲೂ ಮಧ್ಯೆ ಕೋಚ್ ಬದಲಾವಣೆ, ಅದರಲ್ಲೂ ಅರವತ್ತರ ಆಸುಪಾಸಿನ ಅಂಕ. ಕಾಗದದ ಮೇಲೆ 2019–20ಕ್ಕೂ ಇದಕ್ಕೂ ಇರೋ ವ್ಯತ್ಯಾಸ ಮೂರೇ ಅಂಕ. ಎರಡನ್ನೂ ಟ್ರಾನ್ಸಿಶನ್ ಅಂತಲೇ ಕರೆದರು.

ಮೊನ್ನೆ ರಾತ್ರಿ ನಮ್ಮ ಕಾಮನ್ ರೂಮಿನಲ್ಲಿ ಇನ್ನೊಂದು ತಂಡದ ಅಭಿಮಾನಿ ಜೂನಿಯರ್ ಒಬ್ಬ ಸೋತು ಎದ್ದ. ಹೊದಿಕೆ ಸುತ್ತಿಕೊಳ್ಳುತ್ತಾ ಅದೇ ಮಾತು ಹೇಳಿದ. ನಾನು ಅವನನ್ನ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ. ಮಿಲಾನ್ 2022ರಲ್ಲಿ ಲೀಗ್ ಗೆದ್ದ ದಿನ ಮೊದಲಿಗೆ ಇಳಿದ ಹನ್ನೊಂದು ಜನರಲ್ಲಿ ಆರು ಜನ ಆ 6ನೇ ಸ್ಥಾನದ ಸೀಸನ್‌ನಲ್ಲೂ ತಂಡದಲ್ಲಿದ್ದವರು: ಕಲಾಬ್ರಿಯಾ, ಥಿಯೊ, ಕೆಸ್ಸಿಯೆ, ಸಾಲೆಮಾಕರ್ಸ್, ಕ್ರುನಿಚ್, ಲೆಯಾವೊ. ಬೆಂಚಿನಲ್ಲಿ ಬೆನ್ನಾಸರ್, ಇಬ್ರಾ. ಇವತ್ತು ಸೋತ ನಿನ್ನ ತಂಡದಲ್ಲಿ ಎರಡು ವರ್ಷ ಬಿಟ್ಟು ಗೆಲ್ಲುವ ಆ ಆರು ಜನ ಯಾರು, ಹೆಸರು ಹೇಳು ಅಂದೆ.

ಅವನು ಬೆರಳು ಮಡಚುತ್ತಾ ಹೋದ. ಮೂರಕ್ಕೆ ನಿಂತ. "ನಾಳೆ ಇಂಟರ್ನಲ್ಸ್ ಇದೆ ಅಣ್ಣಾ" ಅಂದು ಮಲಗೋಕೆ ಹೋದ.